ಹೊಗೆ ಕಾರದ ಹಡಗಿನ ಹೊಟ್ಟೆಯೊಳಗೆ

ಒಕ್ಬುನ್‌ಗೆ ಹೆದರಿಕೆ ಅನ್ನುವುದು ಮೈಮೇಲಿನ ಮಚ್ಚೆಯ ಹಾಗೆ ಹುಟ್ಟಿನಿಂದ ಬಂದದ್ದು ಎಂದು ಸೊಲ್ಪೊ ಓಣಿಯವರೆಲ್ಲ ಹೇಳುತ್ತಿದ್ದರು. ಅದು ಸುಳ್ಳು. ಹುಡುಗಿಯಾಗಿದ್ದಾಗ ಅವಳು ನಮ್ಮ ಕೊಲ್ಲಿಯಲ್ಲಿ ಸಿಂಪಿ ಬೆಳೆಸುವ ತೆಪ್ಪಗಳ ಮೇಲೆ ಬರಿಗಾಲಲ್ಲಿ ಓಡುತ್ತಿದ್ದವಳು. ಹೆದರಿಕೆ ಹೊಕ್ಕಿದ್ದು ಗಂಡ ಪಾನ್ಸು ಸತ್ತ ಮೇಲೆ. ಹಳೆಯ ಹಡಗೊಂದರ ಎಣ್ಣೆ ಟ್ಯಾಂಕು ತೊಳೆಯಲು ಇಳಿದ ಗೆಳೆಯ ಒಳಗೇ ಕುಸಿದಿದ್ದ. ಎತ್ತಿಕೊಂಡು ಬರುತ್ತೇನೆಂದು ಪಾನ್ಸು ಹಿಂದೆಮುಂದೆ ನೋಡದೆ ಇಳಿದ. ಮೊದಲು ಬಿದ್ದವನಿಗೆ ಆಸ್ಪತ್ರೆಯಲ್ಲಿ ಉಸಿರು ಮರಳಿತು. ಎತ್ತಲು ಹೋದವನಿಗೆ ಮರಳಲಿಲ್ಲ.

ಅಂದಿನಿಂದ ಅವಳಿಗೆ ಮುಚ್ಚಿದ್ದೆಲ್ಲ ಗೋರಿ. ಲಿಫ್ಟು ಹತ್ತುತ್ತಿರಲಿಲ್ಲ. ಮಂಜು ಬೀಳುವ ದಿನಗಳಲ್ಲೂ ಕೋಣೆಯ ಬಾಗಿಲು ಒಂದು ಗೇಣು ತೆರೆದೇ ಇರಬೇಕು. ಹೊದಿಕೆ ಗಲ್ಲದ ಮೇಲಕ್ಕೆ ಬಂದರೆ ಎದ್ದು ಕೂರುವಳು.

ಅಂಥವಳ ಹೊಟ್ಟೆಪಾಡು ಹಡಗಿನ ಹೊಟ್ಟೆಯೊಳಗೇ ಬಂದು ನಿಂತಿತು ನೋಡಿ. ಸಿಂಪಿ ಬಿಡಿಸುವ ಕೆಲಸ ಚಳಿಗಾಲಕ್ಕೆ ಮಾತ್ರ. ಹಡಗು ಕಟ್ಟುವ ಕಟ್ಟೆಯಲ್ಲಿ ವರ್ಷವಿಡೀ ಕೂಲಿ. ಬಣ್ಣ ಎರಚುವ ಯಂತ್ರ ಮೂಲೆಗೆ, ಬೆಸುಗೆಯ ಹಿಂದಕ್ಕೆ, ಕೊಳವೆಯ ಕೆಳಕ್ಕೆ ಮುಟ್ಟುವುದಿಲ್ಲ. ಒಂದು ಬೆರಳಗಲ ಬಿಟ್ಟರೂ ಉಪ್ಪುನೀರು ಅಲ್ಲಿಂದಲೇ ತಿನ್ನುತ್ತ ಬರುತ್ತದೆ. ಹಾಗಾಗಿ ಗಂಡಸರ ಭುಜ ತೂರದ ಕಡೆಗೆಲ್ಲ ಕುಂಚ ಹಿಡಿದ ನಮ್ಮ ಹೆಂಗಸರು ತೂರುತ್ತಿದ್ದರು. ಕುಂಡಿಗೆ ಒಂದು ದುಂಡು ಮೆತ್ತೆ ಕಟ್ಟಿಕೊಂಡು, ಹಣೆಗೆ ದೀಪ, ಕಿವಿಗೆ ಬಿರಡೆ, ಮೂಗಿಗೆ ಮುಸುಕು. ಒಕ್ಬುನ್ ದಿನಾ ಬೆಳಿಗ್ಗೆ ಟ್ಯಾಂಕಿನೊಳಗೆ ಹೋಗುವ ಕಂಡಿಯ ಮುಂದೆ ನಿಂತು ಕಣ್ಣು ಮುಚ್ಚಿ, ಗಂಡನನ್ನು ನೆನೆದು, ಬೈದು, ಆಮೇಲೆ ತಲೆ ತೂರಿಸುತ್ತಿದ್ದಳು.

ಅವಳಿಗೆ ಧೈರ್ಯ ಎಂದಿದ್ದರೆ ಅದು ನಾದಿನಿ ಮಾಲ್ಜಾ. ಪಾನ್ಸುವಿನ ತಂಗಿ. ಇನ್ನು ಹೆಣ್ಣು ಸಾಕು ಎಂದು ಅಪ್ಪ ಅಮ್ಮ ಇಟ್ಟ ಹೆಸರು ಅದು. ಅವರು ಸಾಕೆಂದದ್ದಕ್ಕೋ ಏನೋ, ಮಾಲ್ಜಾ ಮಾತ್ರ ಯಾವುದನ್ನೂ ಸಾಕು ಅನ್ನುತ್ತಿರಲಿಲ್ಲ. ಮಾತು ಜಾಸ್ತಿ, ಊಟ ಜಾಸ್ತಿ, ಹಟ ಅದಕ್ಕಿಂತ ಜಾಸ್ತಿ. ಅತ್ತಿಗೆ ಮೂಡಣ ಎಂದರೆ ಅವಳು ಪಡುವಣ. ಆದರೂ ಪಕ್ಕದ ಟ್ಯಾಂಕಿನಲ್ಲಿ ಅವಳಿದ್ದಾಳೆ ಎಂದರೆ ಒಕ್ಬುನ್‌ಗೆ ಉಸಿರಾಡಲು ಬರುತ್ತಿತ್ತು. ಹೆದರಿಕೆ ಗಂಟಲಿಗೆ ಬಂದಾಗ ಕೆರೆಯುವ ಚಾಕುವಿನಿಂದ ಉಕ್ಕಿನ ಗೋಡೆಗೆ ಬಡಿಯುವಳು. ಗೋಡೆಯಾಚೆಯಿಂದ ಮಾಲ್ಜಾ ತಿರುಗಿ ಬಡಿಯುವಳು, ಬೈಗುಳದ ಹಾಗೆ ಜೋರಾಗಿ. ಕಿವಿಗೆ ಬಿರಡೆ ಹಾಕಿದವರಿಗೆ ಕೂಗು ಕೇಳುವುದಿಲ್ಲ. ಬಡಿತ ಕೈಕಾಲಿಗೇ ಕೇಳುತ್ತದೆ. ಮಧ್ಯಾಹ್ನದ ಊಟಕ್ಕೆ ಕರೆಯುವುದೂ ಹಾಗೆಯೇ.

ಆ ವರ್ಷ ಕಟ್ಟೆಯಲ್ಲಿ ಎದ್ದು ನಿಂತದ್ದು ಕಾರು ಹೊರುವ ಹಡಗು. ಮೆಟ್ಟುಗಳನ್ನಿಡುವ ರಟ್ಟಿನ ಪೆಟ್ಟಿಗೆಯನ್ನು ದೇವರು ಊದಿ ದೊಡ್ಡದು ಮಾಡಿ ನೀರಿಗಿಟ್ಟ ಹಾಗೆ. ಒಳಗೆ ಅಂತಸ್ತಿನ ಮೇಲೆ ಅಂತಸ್ತು. ಒಂದು ಪೇಟೆಯ ಕಾರುಗಳೆಲ್ಲ ಹೊಕ್ಕರೂ ಜಾಗ ಉಳಿಯುತ್ತದಂತೆ. ಗಾಳಿ ಜಾರಿಹೋಗಲೆಂದು ಮೂತಿಯನ್ನು ತಿಮಿಂಗಿಲದ ಹಣೆಯ ಹಾಗೆ ಗುಂಡಗೆ ಮಾಡಿದ್ದರು. ನೆತ್ತಿಯ ಮೇಲೆ ಬಿಸಿಲು ಕುಡಿಯುವ ಕನ್ನಡಿಗಳು. ಕಪ್ಪೆಣ್ಣೆ ಸುಡುವುದಿಲ್ಲ, ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುವ ಗ್ಯಾಸು ಸುಡುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಮಸಿ ಬೀಳುವುದಿಲ್ಲ ಎಂದು ಓಣಿಯ ಹೆಂಗಸರಿಗೆ ಖುಷಿ. ಸಿಂಪಿಯವರಿಗೆ ಇನ್ನೂ ಖುಷಿ. ಹಿಂದಿನ ಹಡಗುಗಳ ತಳಕ್ಕೆ ಬಳಿದ ವಿಷದ ಬಣ್ಣಕ್ಕೆ ನಮ್ಮ ಕೊಲ್ಲಿಯ ಶಂಖದ ಹುಳುಗಳು ಮೊಟ್ಟೆ ಇಡುವುದನ್ನೇ ಮರೆತಿದ್ದವು. ಈ ಹಡಗಿನ ತಳದ ಬಣ್ಣದಲ್ಲಿ ವಿಷವಿಲ್ಲ, ಬರೀ ನುಣುಪು. ಚಿಪ್ಪು ಅಂಟಲು ಬಂದರೆ ಜಾರಿ ಬೀಳುತ್ತದೆ.

"ಅಂಟ್ಕೊಳ್ಳೋದೇ ಇಲ್ವಂತೆ!" ಎಂದು ಮಾಲ್ಜಾ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಮೇಸ್ತ್ರಿ ಹತ್ರ ಒಂದ್ ಡಬ್ಬ ಇಸ್ಕೊಂಡ್ ಬಂದು ನನ್ ಮೈಗೆ ಬಳ್ಕೊತೀನಿ ಕಣ್ರೇ. ಈ ನಮ್ಮತ್ತಿಗೆ ಹಗಲೆಲ್ಲ ನನಗೇ ಅಂಟ್ಕೊಂಡಿರ್ತಾಳೆ."

"ಬಳ್ಕೊಳ್ಳೇ, ನಿನ್ ಮೈ ಮುಗಿಯೋಷ್ಟೊತ್ಗೆ ಹಡಗಿಗೇ ಬಣ್ಣ ಸಾಲ್ದೆ ಹೋಗುತ್ತೆ" ಎಂದಳು ಒಕ್ಬುನ್. ಎಲ್ಲರೂ ನಕ್ಕರು. ನಗುವಾಗಲೂ ಅವಳ ಕಣ್ಣು ಕಟ್ಟೆಯ ಕಡೆಗೇ ಇತ್ತು. ಇಷ್ಟು ಒಳ್ಳೆಯ ಹಡಗಿಗೆ ಇಷ್ಟು ದೊಡ್ಡ ಹೊಟ್ಟೆ ಯಾಕೆ ಎಂದು ಅವಳಿಗೆ ಅನಿಸುತ್ತಿತ್ತು.

ತಣ್ಣನೆಯ ಗ್ಯಾಸಿಗೆ ಮಾಮೂಲು ಕೊಳವೆ ತಡೆಯುವುದಿಲ್ಲ, ಸೀಳಿಹೋಗುತ್ತದೆ. ಅದಕ್ಕೇ ಬೇರೆ ಉಕ್ಕು, ಬೇರೆ ಬೆಸುಗೆ. ಆ ಬೆಸುಗೆ ಹಾಕುವಾಗ ಕೊಳವೆಯೊಳಗೆ ಆರ್ಗಾನ್ ಎಂಬ ಅನಿಲ ತುಂಬಬೇಕು. ಒಂದು ಬೆಳಿಗ್ಗೆ ಕೈಕಾಲು ಆಡಿಸುವ ಕಸರತ್ತು ಮುಗಿದ ಮೇಲೆ ಮೇಸ್ತ್ರಿ ಚೊ ಎಲ್ಲರನ್ನೂ ನಿಲ್ಲಿಸಿ ಹೇಳಿದ:

"ಚಿಕ್ಕಮ್ಮಂದಿರಾ, ಸ್ವಲ್ಪ ಕಿವಿಗೊಡಿ. ಇದು ವಿಷ ಅಲ್ಲ. ಆದ್ರೆ ಗಾಳಿಗಿಂತ ಭಾರ. ಬೆಸೆಯದ ಸಂದಿನಿಂದ ಸೋರಿದ್ರೆ ನೆಲದ ಮೇಲೆ ನೀರು ನಿಂತಂಗೆ ನಿಂತ್ಕೊಳ್ಳುತ್ತೆ, ಉಸಿರಾಡೋ ಗಾಳೀನ ಆಚೆ ತಳ್ಳುತ್ತೆ. ಅದಕ್ಕೇ ಬಿಲ್ಲೆ ನೇತುಹಾಕ್ದೆ ಒಬ್ರೂ ಒಳಗೆ ಹೋಗ್ಬೇಡಿ, ತೆಗೀದೆ ಊಟಕ್ಕೆ ಬರ್ಬೇಡಿ. ಬಿಲ್ಲೆ ಇದ್ರೆ ನಾವು ಅನಿಲ ಬಿಡಲ್ಲ."

"ಬಂದ್ರೆ ಗೊತ್ತಾಗೋದ್ ಹೆಂಗೆ ಮೇಸ್ತ್ರಿ? ವಾಸನೆ ಹೆಂಗಿರುತ್ತೆ?" ಒಕ್ಬುನ್ ಕೇಳಿದಳು.

"ವಾಸನೆ ಇಲ್ಲ, ಬಣ್ಣ ಇಲ್ಲ. ಗೊತ್ತೇ ಆಗಲ್ಲ ಚಿಕ್ಕಮ್ಮ."

"ನಮ್ಮ ಅತ್ತೆ ಬಂದಂಗೆ" ಎಂದಳು ಮಾಲ್ಜಾ.

ಒಕ್ಬುನ್ ಆ ದಿನ ಊಟ ಬಿಟ್ಟಳು.

ಮೇಸ್ತ್ರಿ ಹೇಳಿದ ಆ ಬಿಲ್ಲೆಗಳು ಹೆಸರು ಬರೆದ ತಗಡಿನವು. ಕಂಡಿಗಳ ಮುಂದಿನ ಹಲಗೆಯಲ್ಲಿ ಕೊಕ್ಕೆಗಳಿದ್ದವು. ಒಳಗೆ ಹೋಗುವಾಗ ನೇತುಹಾಕಬೇಕು, ಬಂದ ಮೇಲೆ ತೆಗೆದು ಜೇಬಿಗಿಡಬೇಕು. ಒಕ್ಬುನ್ ಒಮ್ಮೆಯೂ ಮರೆತವಳಲ್ಲ. ಮಾಲ್ಜಾ ನೇತುಹಾಕುವುದನ್ನು ಮರೆಯುತ್ತಿರಲಿಲ್ಲ, ತೆಗೆಯುವುದನ್ನು ಮರೆಯುತ್ತಿದ್ದಳು. ಹಿಂದೊಮ್ಮೆ ಅವಳು ಊಟದ ಸಾಲಿನಲ್ಲಿ ಹರಟುತ್ತಿರುವಾಗ ಇಲ್ಲಿ ಬಿಲ್ಲೆ ನೋಡಿ ಕೆಲಸ ನಿಲ್ಲಿಸಿ, ಟ್ಯಾಂಕೆಲ್ಲ ಹುಡುಕಿಸಿ, ಮೇಸ್ತ್ರಿ ಕೊನೆಗೆ ಅವಳ ಮೇಲೆ ಎಗರಾಡಿದ್ದ. "ಇನ್ನೊಂದ್ಸಲ ಹಿಂಗಾದ್ರೆ ಮನೇಗ್ ನಡೀರಿ" ಎಂದೂ ಹೇಳಿದ್ದ.

ಆ ದಿನ ಅತ್ತಿಗೆ ನಾದಿನಿಯರಿಗೆ ಬೆಳಿಗ್ಗೆಯೇ ಜಗಳ. ಪಾನ್ಸುವಿನ ತಿಥಿ ಹತ್ತಿರ ಬಂದಿತ್ತು. ಎಡೆಗೆಂದು ಒಕ್ಬುನ್ ತಂದಿದ್ದ ಡೊಮಿ ಮೀನಿನ ಬಾಲ ಮುರಿದಿದ್ದನ್ನು ಮಾಲ್ಜಾ ನೋಡಿಬಿಟ್ಟಿದ್ದಳು.

"ಅಣ್ಣನಿಗೆ ಬಾಲ ಮುರಿದ ಮೀನಾ? ಬದುಕಿದ್ದಾಗ್ಲೂ ತಲೆಯೆಲ್ಲ ನೀನ್ ತಿಂದು ಬಾಲ ಅವನಿಗೆ ಹಾಕ್ತಿದ್ದೆ."

"ನಿಮ್ಮಣ್ಣನೇ ಬಾಲ ಬೇಕು ಅಂತಿದ್ದ. ಮುಳ್ಳು ಚೀಪೋಕೆ."

"ಸತ್ತೋರ ಮೇಲೆ ಹೇಳು, ಅವ್ರೇನ್ ಎದ್ದು ಬಂದು ಅಲ್ಲ ಅಂತಾರಾ?"

ಅಲ್ಲಿಗೆ ಮಾತು ನಿಂತಿತು. ಕಟ್ಟೆಯವರೆಗೂ ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಡೆದರು. ಮೇಸ್ತ್ರಿ ಮಾಲ್ಜಾಳನ್ನು ಗ್ಯಾಸಿನ ಟ್ಯಾಂಕಿನ ಪಕ್ಕದ ಕೊಳವೆ ಓಣಿಗೆ ಹಾಕಿದ. ಎರಡಾಳೆತ್ತರಕ್ಕೂ ಮಿಕ್ಕಿದ ಇಕ್ಕಟ್ಟು ಬಾವಿ ಅದು. ತಳದಲ್ಲಿ ಸೊಂಟದೆತ್ತರಕ್ಕಿರುವ ಕಂಡಿಯಿಂದ ಒಳಗೆ ತೂರಿ, ಏಣಿಯಲ್ಲಿ ಸೂರಿನವರೆಗೆ ಹತ್ತಬೇಕು. ಒಕ್ಬುನ್‌ಗೆ ಅದರ ಬದಿಯ ನೀರಿನ ಟ್ಯಾಂಕು. ಬೆಳಿಗ್ಗೆಯಿಡೀ ಅವಳು ಗೋಡೆಗೆ ಬಡಿಯಲಿಲ್ಲ. ಮಾಲ್ಜಾಳೂ ಬಡಿಯಲಿಲ್ಲ. ಹಟಕ್ಕೆ ಬಿದ್ದು ಒಕ್ಬುನ್ ತನ್ನ ಹೆದರಿಕೆಯನ್ನು ಒಬ್ಬಳೇ ನುಂಗಿಕೊಂಡು ಕುಂಚ ಆಡಿಸಿದಳು.

ಊಟದ ಹೊತ್ತಿಗೆ ಹೊರಬಂದು ನೋಡಿದರೆ ಮಾಲ್ಜಾಳ ಕಂಡಿಯ ಮುಂದೆ ಅವಳ ಹೂವಿನ ಬಟ್ಟೆಯ ಮೆತ್ತೆ ಬಿದ್ದಿತ್ತು. ಮೆತ್ತೆ ಬಿಚ್ಚಿದಳೆಂದರೆ ಮಾಲ್ಜಾ ಆ ಹೊತ್ತಿನ ಕೆಲಸ ಮುಗಿಸಿ ಬಂದಳೆಂದೇ ಅರ್ಥ, ಇಷ್ಟು ವರ್ಷ ಹಾಗೆಯೇ. ಹಲಗೆಯ ಮೇಲೆ ಅವಳ ಬಿಲ್ಲೆ ಮಾತ್ರ ತೂಗುತ್ತಿತ್ತು.

ಕೋಪದಲ್ಲಿ ನನ್ನನ್ನು ಬಿಟ್ಟು ಹೋಗಿದ್ದಾಳೆ, ಬಿಲ್ಲೆಯನ್ನೂ ಬಿಟ್ಟು ಹೋಗಿದ್ದಾಳೆ ಎಂದುಕೊಂಡಳು ಒಕ್ಬುನ್. ಮೇಸ್ತ್ರಿ ನೋಡಿದರೆ ಇವಳ ಕೆಲಸ ಹೋಯಿತು. ಎಷ್ಟಾದರೂ ಮನೆಮಗಳು. ತನ್ನ ಬಿಲ್ಲೆಯ ಜೊತೆ ನಾದಿನಿಯದನ್ನೂ ತೆಗೆದು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ಊಟದ ಮನೆಯಲ್ಲಿ ಹಂದಿಮೂಳೆಯ ಸಾರು. ಮಾಲ್ಜಾ ಪ್ರಾಣ ಬಿಟ್ಟಾಳು, ಆ ಸಾರು ಬಿಡುವವಳಲ್ಲ. ಒಕ್ಬುನ್ ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದಳು. ಮಾಲ್ಜಾ ತಲೆಗೆ ಕಟ್ಟುವ ಹೂವಿನ ರುಮಾಲು ಕಾಣಲಿಲ್ಲ.

"ನಮ್ ಮಾಲ್ಜಾ ಬಂದ್ಲಾ?"

"ಬಂದಿದ್ರೆ ಗೊತ್ತಾಗ್ತಿರ್ಲಿಲ್ವಾ ಅಕ್ಕ? ಇಷ್ಟು ಶಾಂತಿ ಇರ್ತಿತ್ತಾ?" ಎಂದಳು ಸಾರು ಬಡಿಸುವವಳು.

ಒಕ್ಬುನ್ ಬಚ್ಚಲ ಕಡೆ ಹೋಗಿ ಕೂಗಿದಳು. ಚೀಲಗಳನ್ನಿಡುವ ಕೋಣೆಗೆ ಹೋದಳು. ಊಟಕ್ಕೆ ಬರುವಾಗ ಬೂಟು ಬಿಚ್ಚಿ ಹಾಕಿಕೊಳ್ಳುವ ಮಾಲ್ಜಾಳ ಮೆಟ್ಟುಗಳು ಬೆಳಿಗ್ಗೆ ಬಿಟ್ಟಲ್ಲೇ ಇದ್ದವು.  ಹಿಂದಿರುಗುವಾಗ ಮೇಸ್ತ್ರಿ ಚೊ ಬೆಸುಗೆಯವರ ಜೊತೆ ಕೂತು ಕಿಮ್ಚಿ ಕಡಿಯುತ್ತ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಕೊಳವೆ ಓಣಿ ಖಾಲಿ ಇತ್ತು. ಒಂದ್ಸಲ ಕೂಗಿಯೂ ನೋಡ್ದೆ. ಅನಿಲ ಬಿಟ್ಟೇ ಬಂದಿದ್ದೀನಿ. ಉಂಡು ಹೋಗೋಷ್ಟರಲ್ಲಿ ತುಂಬಿರುತ್ತೆ, ಸೀದಾ ಬೆಸುಗೆಗೆ ಕೂರಬೋದು."

ಒಕ್ಬುನ್‌ಳ ಕೈ ಜೇಬಿನಲ್ಲಿತ್ತು. ಎರಡು ಬಿಲ್ಲೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

"ಮೇಸ್ತ್ರಿ" ಎಂದಳು.  ಬಿಲ್ಲೆಗಳನ್ನು ತೆಗೆದು ಅವನ ತಟ್ಟೆಯ ಪಕ್ಕಕ್ಕೆ ಹಾಕಿದಳು. "ಅವಳು ಒಳಗಿದಾಳೆ. ನಾನೇ ತೆಗ್ದೆ. ನಾನೇ ತೆಗ್ದೆ."

ಮೇಸ್ತ್ರಿಯ ಮುಖದ ಬಣ್ಣವೆಲ್ಲ ಇಳಿದುಹೋಯಿತು. ಅವನು ಏಳುವ ಮೊದಲೇ ಒಕ್ಬುನ್ ಓಡಿದ್ದಳು. ಕಾರುಗಳು ಹತ್ತಬೇಕಾದ ಇಳಿಜಾರಿನಲ್ಲಿ, ಒಂದು ಅಂತಸ್ತಿನಿಂದ ಇನ್ನೊಂದಕ್ಕೆ. ಎಲ್ಲ ಅಂತಸ್ತುಗಳೂ ಒಂದೇ ಥರ, ಬಯಲಿನ ಹಾಗೆ ಖಾಲಿ. ಅವಳ ಹೆಜ್ಜೆಯ ಸದ್ದೇ ಸುತ್ತಿ ಬಂದು ಅವಳ ಬೆನ್ನು ಹತ್ತಿತು.  ತಾಯೀ, ತಾಯೀ ಎಂದು ಬಾಯಿ ತಾನಾಗಿ ಹೇಳುತ್ತಿತ್ತು.

ಕಂಡಿಯ ಮುಂದೆ ಮೆತ್ತೆ ಹಾಗೇ ಬಿದ್ದಿತ್ತು. ಈಗ ದೀಪ ಹಿಡಿದು ನೋಡಿದರೆ ಅರ್ಥವಾಯಿತು. ಹಳೆಯ ಹಡಗುಗಳಲ್ಲಿ ಮೆತ್ತೆ ಕಟ್ಟಿಕೊಂಡೇ ತೂರಬಹುದಿತ್ತು. ಈ ಹಡಗಿನಲ್ಲಿ ಕಂಡಿಯ ಒಳಮಗ್ಗುಲಿಗೇ ತಣ್ಣನೆಯ ಗ್ಯಾಸಿನ ದಪ್ಪ ಕೊಳವೆ ಅಡ್ಡ ಹಾದಿತ್ತು. ತೂರಲಾಗದೆ ಮಾಲ್ಜಾ ಬೆಳಿಗ್ಗೆಯೇ ಮೆತ್ತೆ ಬಿಚ್ಚಿಟ್ಟು ಒಳಗೆ ಹೋಗಿದ್ದಳು.

ಹಿಂದೆಯೇ ಬಂದ ಮೇಸ್ತ್ರಿ ಅನಿಲದ ಕೊಳಾಯಿ ತಿರುಗಿಸಿ ನಿಲ್ಲಿಸಿದ. ಗಾಳಿ ಅಳೆಯುವ ಪೆಟ್ಟಿಗೆಯನ್ನು ಕಂಡಿಗೆ ಹಿಡಿದ. ಅದು ಹಿಡಿದ ಕೂಡಲೇ ಚೀರತೊಡಗಿತು.

"ಕಂಡಿ ಹತ್ರ ಮುಖ ತರ್ಬೇಡಿ ಚಿಕ್ಕಮ್ಮ! ಪಕ್ಕಕ್ಕೆ ಬನ್ನಿ! ಉಸಿರಿನ ಸಿಲಿಂಡರ್‌ನೋರು ಬರೋತನಕ ಯಾರೂ ಒಳಗೆ ಹೋಗೋ ಹಂಗಿಲ್ಲ!"

ಹೋಗುವಂತಿಲ್ಲ. ಅದನ್ನು ಒಕ್ಬುನ್‌ಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ಕಂಡಿ ಕಂಡರೆ ಓಡಿಹೋಗಬೇಕು ಅನ್ನುತ್ತಿದ್ದ ಅವಳ ಮೈ ಈಗ ಒಳಗೆ ನುಗ್ಗು, ನುಗ್ಗು ಎನ್ನುತ್ತಿತ್ತು. ಪಾನ್ಸುವಿಗೂ ಹೀಗೇ ಅನಿಸಿತ್ತಲ್ಲ. ಹಿಂದೆಮುಂದೆ ನೋಡಲಿಲ್ಲ ಎಂದು ಅವನನ್ನು ದಿನಾ ಬೈದಿದ್ದಳು. ನೋಡಲು ಪುರುಸೊತ್ತೇ ಇರುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಕೈಯಿಂದ ಪಕ್ಕದ ಕಂಬವನ್ನು ಅಪ್ಪಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚಾಕು ತೆಗೆದು ಗೋಡೆಗೆ ಬಡಿದಳು. ಬಡಿದಳು. ಬಡಿದಳು.

ಏನೂ ಇಲ್ಲ.

ಮತ್ತೆ ಬಡಿದಳು. ಈ ಸಲ ಮೇಲಿನಿಂದ, ಸೂರಿನ ಹತ್ತಿರದಿಂದ, ಒಂದು ಬಡಿತ ಬಂತು. ಬೈಗುಳದ ಹಾಗೆ. ಕಿವಿಯ ಬಿರಡೆ ಕಿತ್ತಳೇನೋ, ಆಮೇಲೆ ದನಿ.

"ಏನೇ ಅದು? ಈಗ ನೆನಪಾಯ್ತಾ ನನ್ನ? ಸಾರೆಲ್ಲ ಕುಡಿದ್ ಮುಗಿಸಿ ಬಂದ್ಯಾ?"

ಮಾಲ್ಜಾ ಸೂರಿನ ಕೆಳಗೆ, ಏಣಿಯ ತುದಿಯ ಅಟ್ಟಣಿಗೆಯ ಮೇಲೆ ಇದ್ದಳು. ಕೋಪ ಬಂದಾಗ ಅವಳು ಕೆಲಸ ಜಾಸ್ತಿ ಮಾಡುವವಳು. ಅನಿಲ ಕೆಳಗೆ ನಿಂತಿತ್ತು, ಅವಳು ಮೇಲಿದ್ದಳು. ಅಷ್ಟಕ್ಕೇ ಉಳಿದಿದ್ದಳು. ಒಕ್ಬುನ್‌ಗೆ ಅಳು ಉಕ್ಕಿತು. ಅದರ ಬೆನ್ನಿಗೇ ಏಣಿಯ ಮೇಲೆ ಹೆಜ್ಜೆಯ ಸದ್ದು ಕೇಳಿಸಿತು. ಮಾಲ್ಜಾ ಇಳಿಯುತ್ತಿದ್ದಳು.

"ಇಳೀಬೇಡ! ಮಾಲ್ಜಾ, ಇಳೀಬೇಡ ಕಣೇ!"

"ಯಾಕ್ ಇಳೀಬಾರ್ದು? ನಿನ್ನಪ್ಪಂದಾ ಏಣಿ? ಹೊಟ್ಟೆ ಹಸೀತಿದೆ."

"ಅನಿಲ ಬಿಟ್ಟಿದಾರೆ, ಕೆಳಗೆ ತುಂಬಿದೆ!"

"ಬಿಲ್ಲೆ ಹಾಕಿದೀನಿ, ಅನಿಲ ಹೆಂಗ್ ಬಿಡ್ತಾರೆ? ಹೆದರ್ಸೋದೇ ಆಯ್ತು ನಿಂದು. ನಿನ್ ಹೆದರಿಕೆ ಕೇಳ್ಕೊಂಡು ಕೂತ್ರೆ ಈ ಜನ್ಮದಲ್ಲಿ ಊಟ ಇಲ್ಲ."

ಹೆಜ್ಜೆ ಇನ್ನೊಂದು ಮೆಟ್ಟಿಲು ಇಳಿಯಿತು. ಮೇಸ್ತ್ರಿಯೂ ಕೂಗಿದ. ಅವನ ಮಾತು ಕೊಳವೆಗಳ ನಡುವೆ ಒಡೆದು ಹೋಯಿತು. ಎಷ್ಟೋ ವರ್ಷ ಇಲ್ಲದ ಹುಲಿ ಬಂತೆಂದು ಕೂಗಿದವಳು ಒಕ್ಬುನ್. ಲಿಫ್ಟು ಬೀಳುತ್ತದೆ ಎಂದಳು, ಬೀಳಲಿಲ್ಲ. ಟ್ಯಾಂಕು ಸಿಡಿಯುತ್ತದೆ ಎಂದಳು, ಸಿಡಿಯಲಿಲ್ಲ. ಇವತ್ತು ಹುಲಿ ಬಂದಿತ್ತು. ಹೇಳಿದರೆ ನಂಬುವವರಿಲ್ಲ. ಇನ್ನೊಂದು ಹೆಜ್ಜೆ.

"ನಿನ್ ಬಿಲ್ಲೆ ನಾನು ತೆಗ್ದೆ!" ಎಂದು ಒಕ್ಬುನ್ ಕಿರುಚಿದಳು. "ನೀನ್ ಮರ್ತು ಹೋಗಿದೀಯ ಅಂತ ತೆಗ್ದೆ. ನಾನ್ ಕೊಂದೆ ನಿನ್ನ. ಪಾನ್ಸು ಇಳಿದಂಗೆ ಇಳೀಬೇಡ್ವೇ. ನಿಮ್ಮಣ್ಣ ಇಳಿದಂಗೆ ಇಳೀಬೇಡ. ನಿನ್ನ ಎತ್ಕೊಂಡು ಬರೋಕೆ ನಾನ್ ಒಳಗೆ ಬಂದೇ ಬರ್ತೀನಿ, ಇಬ್ರೂ ಅಲ್ಲೇ ಬೀಳ್ತೀವಿ."

ಸತ್ತವನ ಹೆಸರು ಹಿಡಿದು ಅವಳು ಮಾಲ್ಜಾಳ ಎದುರಿಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮಾತಾಡಿರಲಿಲ್ಲ. ನಿಮ್ಮಣ್ಣ ಎನ್ನುತ್ತಿದ್ದಳು, ಅವರು ಎನ್ನುತ್ತಿದ್ದಳು.

ಏಣಿಯ ಸದ್ದು ನಿಂತಿತು.  ಆಮೇಲೆ ಹೆಜ್ಜೆ ಮೇಲಕ್ಕೆ ಹೋಯಿತು.

ಗಾಳಿ ಊದುವ ದೊಡ್ಡ ಬಟ್ಟೆಯ ಕೊಳವೆ ತಂದು ಕಂಡಿಗೆ ತೂರಿಸಿದರು. ಸಿಲಿಂಡರ್‌ನವರು ಕಟ್ಟೆಯ ಆ ತುದಿಯಿಂದ ಬರಬೇಕಿತ್ತು. ಮೇಸ್ತ್ರಿ ಪಿಸುಗುಟ್ಟಿದ, "ಊದಿದ್ರೆ ಕೆಳಗಿಂದು ಕಲೆಸ್ಕೊಂಡು ಮೇಲಕ್ಕೂ ಏರುತ್ತೆ ಮೊದ್ಲು. ಮಾತಾಡಿಸ್ತಾ ಇರಿ ಚಿಕ್ಕಮ್ಮ. ನಿದ್ದೆ ಹೋಗೋಕೆ ಬಿಡ್ಬೇಡಿ."

 ಒಕ್ಬುನ್‌ಳ ಬಾಯಿಗೆ ಬಂದದ್ದು ಜಗಳವೇ.

"ಮೀನಿಗೆ ಏನ್ ಮಾಡೋಣ ಹೇಳೇ!"

"ಬೇರೆ ತಾ" ಎಂದಿತು ಮೇಲಿನ ದನಿ.

"ತರಲ್ಲ. ಬಾಲ ಮುರಿದಿದ್ದೇ ಇಡ್ತೀನಿ."

"ಇಟ್ ನೋಡು. ಎಡೆ ಎತ್ತಿ ನಾಯಿಗ್ ಹಾಕ್ತೀನಿ."

"ಹಾಕು. ನಿಮ್ಮಪ್ಪನ ಎಡೆಗೂ ನೀನ್ ಇಟ್ಟಿದ್ದು ಕರಕಲು ಮೀನೇ. ಊರೆಲ್ಲ ನಕ್ಕಿತ್ತು."

"ಊರಲ್ಲ... ನೀನ್ ಒಬ್ಳೇ... ನಕ್ಕಿದ್ದು..."

ದನಿ ಎಳೆಯತೊಡಗಿತ್ತು, ಕುಡಿದವರ ದನಿಯ ಹಾಗೆ. ಒಕ್ಬುನ್‌ಳ ಬೆನ್ನಿನ ಮೇಲೆ ಬೆವರು ಇರುವೆಯ ಹಾಗೆ ಹರಿಯಿತು.

"ಎದ್ ಕೂತ್ಕೊ! ಬಾಯ್ಬಿಡು! ಮೂಲಂಗಿ ಸಾರಿಗೆ ಮೊದ್ಲು ಏನ್ ಹಾಕ್ಬೇಕು? ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

"ತಲೆ ನೋಯ್ತಿದೆ ಅತ್ತಿಗೆ."

ಮಾಲ್ಜಾ ಅಷ್ಟು ಮೆತ್ತಗೆ ಅತ್ತಿಗೆ ಎಂದಿದ್ದನ್ನು ಒಕ್ಬುನ್ ಮದುವೆಯಾದಂದಿನಿಂದ ಕೇಳಿರಲಿಲ್ಲ. ಆ ಮೆತ್ತಗಿನ ಮಾತಿಗೆ ಅವಳ ಕೈಯ ಚಾಕು ಕೆಳಗೆ ಬಿತ್ತು. ಕಂಬ ಬಿಟ್ಟು ಕಂಡಿಯ ಕಡೆಗೆ ಒಂದು ಹೆಜ್ಜೆ ಇಟ್ಟೂ ಬಿಟ್ಟಳು. ಮೇಸ್ತ್ರಿ ಸೊಂಟ ಹಿಡಿದು ಎಳೆದ. ಅವಳು ಅವನ ಕೈ ಕಚ್ಚಿದಳು. ಅವನು ಬಿಡಲಿಲ್ಲ.

"ಬೈಯೇ ನನ್ನ!" ಎಂದು ಎಳೆದಾಟದ ನಡುವೆಯೇ ಕೂಗಿದಳು. "ಮಾಲ್ಜಾ, ಬೈಯೇ! ಮುಂಡೇದು ಅನ್ನು! ಅಂಜುಬುರುಕಿ ಅನ್ನು! ಏನಾದ್ರೂ ಅನ್ನೇ!"

ಮೇಲಿನಿಂದ ಗೊಣಗಿದ ಹಾಗೆ ಏನೋ ಬಂತು. ಅದು ಬೈಗುಳವೋ ನರಳಿಕೆಯೋ ತಿಳಿಯಲಿಲ್ಲ. ಅಷ್ಟರಲ್ಲಿ ಇಳಿಜಾರಿನಲ್ಲಿ ಬೂಟುಗಾಲಿನ ಸದ್ದಾಯಿತು. ಬೆನ್ನಿಗೆ ಸಿಲಿಂಡರ್, ಮುಖಕ್ಕೆ ಗಾಜು ಕಟ್ಟಿಕೊಂಡ ಇಬ್ಬರು ಬಂದು ಒಬ್ಬರ ಹಿಂದೆ ಒಬ್ಬರು ಕಂಡಿಯೊಳಗೆ ತೂರಿದರು. ಒಕ್ಬುನ್ ನೆಲದ ಮೇಲೆ ಕೂತು ಕಿವಿ ಮುಚ್ಚಿಕೊಂಡಳು. ಪಾನ್ಸುವನ್ನು ಹೊರಗೆ ತಂದಾಗ ಅವನ ಕಾಲೇ ಮೊದಲು ಬಂದಿತ್ತು. ಅವಳು ಕಂಡಿಯನ್ನೇ ನೋಡಿದಳು. ಕಾಲು ಬರಬಾರದು, ಕಾಲು ಬರಬಾರದು.

ಮೊದಲು ಬಂದದ್ದು ಕೈ. ಬಣ್ಣ ಮೆತ್ತಿದ, ಗಿಡ್ಡ ಬೆರಳಿನ ಕೈ. ಅದು ಗಾಳಿಯಲ್ಲಿ ಹುಡುಕಾಡಿ ಒಕ್ಬುನ್‌ಳ ಕೂದಲು ಹಿಡಿದುಕೊಂಡಿತು. ಆಸ್ಪತ್ರೆಯ ಗಾಡಿ ಬರುವವರೆಗೂ ಬಿಡಲಿಲ್ಲ.

ಸಂಜೆಯೊಳಗೆ ಕಟ್ಟೆಯಿಂದ ಒಬ್ಬ ಸಾಹೇಬ ಆಸ್ಪತ್ರೆಗೆ ಬಂದ. ಬಿಲ್ಲೆ ತೆಗೆದದ್ದು ಯಾರು ಎಂದು ಕೇಳಿದ. ನಾನು ಎಂದಳು ಒಕ್ಬುನ್. ನಾಳೆಯಿಂದ ಬರಬೇಡಿ ಎಂದ. ಸರಿ ಎಂದಳು. ಬೆಳಿಗ್ಗೆಯಾಗಿದ್ದರೆ ಆ ಮಾತಿಗೆ ನೆಲ ಕುಸಿದ ಹಾಗಾಗುತ್ತಿತ್ತು. ಈಗ ಅದು ಬೇರೆ ಯಾರದೋ ಸುದ್ದಿಯ ಹಾಗೆ ಕೇಳಿಸಿತು.

ಮಾಲ್ಜಾ ಮೂಗಿಗೆ ಗಾಳಿಯ ನಳಿಗೆ ಹಾಕಿಕೊಂಡು ಮಲಗಿದ್ದಳು. ಅಪಾಯವಿಲ್ಲ, ಮಲಗಲಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಒಕ್ಬುನ್‌ಗೆ ಡಾಕ್ಟರ ಮಾತು ಸಾಲಲಿಲ್ಲ. ಮಂಚದ ಬದಿಗೆ ಕೂತು ನಾದಿನಿಯ ಬಾಯಿಯ ಎದುರಿಗೆ ಅಂಗೈ ಹಿಡಿದಳು. ಬಿಸಿ ಉಸಿರು ತಾಗಿತು. ಹೋಯಿತು. ಇನ್ನು ಬರುವುದಿಲ್ಲ ಎಂದು ಎದೆ ಹಿಡಿದುಕೊಂಡಿತು. ಮತ್ತೆ ತಾಗಿತು. ಹೀಗೆ ಪ್ರತಿ ಉಸಿರಿಗೂ ಒಮ್ಮೆ ಸತ್ತು ಒಮ್ಮೆ ಹುಟ್ಟಿದಳು.

"ಕೈ ತೆಗಿಯೇ" ಎಂದಳು ಮಾಲ್ಜಾ, ಕಣ್ಣು ತೆರೆಯದೆ. "ಬಣ್ಣದ ನಾತ. ಉಸಿರಾಡೋಕ್ ಬಿಡು."

"ಆಡು" ಎಂದಳು ಒಕ್ಬುನ್. "ನಾನೇನ್ ಬೇಡ ಅಂದ್ನಾ?"

ಕೈಯನ್ನು ಒಂದು ಬೆರಳಿನಷ್ಟು ದೂರಕ್ಕೆ ಸರಿಸಿದಳು. ತೆಗೆಯಲಿಲ್ಲ.